ಆಮೆ ಇಲ್ಲ ಅಂತ ಯಾರು ಹೇಳಿದ್ದು?

ಭಾನುವಾರ ಬೆಳಗ್ಗೆ, ಗಚ್ಚಿಬೌಲಿ ರಸ್ತೆ ಖಾಲಿ ಇರೋ ಅಪರೂಪದ ಹೊತ್ತಲ್ಲಿ, ತಿಂಡಿ ಬಿಟ್ಟು ಆಮೆ ಬಗ್ಗೆ ಕೇಳೋಕೆ ಇಷ್ಟು ಜನ ಬಂದಿದ್ದೀರಿ. ಹೈದರಾಬಾದಲ್ಲಿ ಕನ್ನಡದವರು ಸೇರಿದರೆ ಮಾತು ಸಾಮಾನ್ಯವಾಗಿ ಎರಡೇ ವಿಷಯಕ್ಕೆ ಹೋಗುತ್ತೆ. ಒಂದು, ಊರಿಗೆ ಹೋಗೋ ಬಸ್ಸಿನ ಟಿಕೆಟ್ ರೇಟು. ಇನ್ನೊಂದು, ವರ್ಕ್ ಫ್ರಮ್ ಹೋಮ್ ಮತ್ತೆ ಕೊಡ್ತಾರಾ ಅನ್ನೋದು. ಇವತ್ತು ಎರಡನ್ನೂ ಸ್ವಲ್ಪ ಪಕ್ಕಕ್ಕಿಡೋಣ.

ನಾನು ಡೇಟಾ ಎಂಜಿನಿಯರ್. ಎಂ.ಟೆಕ್ ಮಾಡಿದ್ದು ಡೇಟಾಬೇಸ್ ವಿಷಯದ ಮೇಲೆ. ಈ ಊರಿಗೆ ಬಂದು ಒಂಬತ್ತು ವರ್ಷ ಆಯ್ತು, ಮನೆ ನಲ್ಲಗಂಡ್ಲದಲ್ಲಿ. ಪ್ರಾಣಿಶಾಸ್ತ್ರ ನನ್ನ ಓದಲ್ಲ. ಆದರೂ ಆಮೆ ಯಾಕೆ ಅಂದರೆ, ದಿನಾ ಕೆಲಸದಲ್ಲಿ ನೋಡುವ ಒಂದು ಗೋಜಲು ಆಫ್ರಿಕಾದ ಒಂದು ಆಮೆಯ ಕಥೆಯಲ್ಲಿ ಹಾಗೇ ಎದುರಾಯ್ತು. ಅಲ್ಲಿಂದ ಹಿಡಿದು ಎಳೆದರೆ ಎಳೆ ನಮ್ಮ ಊರಿನ ಹೊಳೆಯವರೆಗೂ ಬಂತು.

ಮೊದಲು ಆ ಆಮೆ. ಸ್ಕ್ರೀನ್ ಮೇಲಿನ ಚಿತ್ರ ನೋಡಿ. ಆಮೆ ಅಂದಕೂಡಲೆ ನಮ್ಮ ತಲೆಯಲ್ಲಿ ಬರುವ ಗಟ್ಟಿ ಚಿಪ್ಪು, ಅದರ ಮೇಲಿನ ಚೌಕ ಚೌಕ ಗೆರೆ, ಯಾವುದೂ ಇದಕ್ಕಿಲ್ಲ. ಮೇಲ್ಗಡೆ ಒದ್ದೆ ಚಪ್ಪಲಿಯ ಹಾಗೆ ನುಣ್ಣನೆಯ ತೊಗಲು. ಚಪ್ಪಟೆ ಮೈ. ಮೂಗು ಒಂದು ಪುಟ್ಟ ಕೊಳವೆ. ಮೈಯೆಲ್ಲ ಮರಳಲ್ಲಿ ಹೂತುಕೊಂಡು ಮೂಗಿನ ತುದಿ ಮಾತ್ರ ನೀರಿಂದ ಮೇಲಕ್ಕೆತ್ತಿದರೆ ಸಾಕು, ಉಸಿರಾಟ ನಡೆಯುತ್ತೆ. ಇದರ ಕುಟುಂಬದ ಹೆಸರು ಟ್ರಿಯೋನಿಕಿಡೇ, ಅಂದರೆ ಮೂರುಗುರಿನವು. ಕನ್ನಡದಲ್ಲಿ ಮೃದುಚಿಪ್ಪಿನ ಆಮೆ ಅಂತೀವಿ. ಚಿತ್ರದಲ್ಲಿರೋದು ನ್ಯೂಬಿಯನ್ ಫ್ಲಾಪ್‌ಶೆಲ್, ಶಾಸ್ತ್ರೀಯ ಹೆಸರು ಸೈಕ್ಲಾನಾರ್ಬಿಸ್ ಎಲಿಗನ್ಸ್. ಬೆನ್ನಿನ ಉದ್ದ ಎರಡು ಅಡಿಯವರೆಗೂ ಬೆಳೆಯುತ್ತೆ. ಪಶ್ಚಿಮ ಆಫ್ರಿಕಾದ ಘಾನಾ ಕಡೆಯಿಂದ ಹಿಡಿದು, ಸಹಾರಾದ ಕೆಳಗಿನ ಪಟ್ಟಿಯುದ್ದಕ್ಕೂ, ನೈಲ್ ನದಿಯವರೆಗೆ ಒಂದು ಕಾಲದಲ್ಲಿ ಇದರ ವಾಸ.

1869ರಲ್ಲಿ ಇದಕ್ಕೆ ಹೆಸರಿಟ್ಟವರು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನ ಜಾನ್ ಎಡ್ವರ್ಡ್ ಗ್ರೇ. ಈ ಹೆಸರು ನೆನಪಿಟ್ಟುಕೊಳ್ಳಿ, ಇನ್ನೂ ಎರಡು ಸಲ ಬರುತ್ತೆ. ಹೆಸರಿಟ್ಟದ್ದೇನೋ ಆಯ್ತು, ಆಮೇಲಿನ ದಾಖಲೆಗಳು ಬೆರಳೆಣಿಕೆಯಷ್ಟು. ಎಷ್ಟೋ ದಶಕ ಯಾವ ವಿಜ್ಞಾನಿಯೂ ಜೀವಂತ ಆಮೆಯನ್ನು ಅದರ ನದಿಯಲ್ಲಿ ನೋಡಿ ಬರೆದಿಡಲಿಲ್ಲ. ಮುಗಿದೇ ಹೋಗಿರಬೇಕು ಅನ್ನೋ ಮಾತು ಶುರುವಾಯ್ತು.

2019ರಲ್ಲಿ ಆಮೆಗಳ ಬಗ್ಗೆಯೇ ಇರುವ ಒಂದು ಸಂಶೋಧನಾ ಪತ್ರಿಕೆಯಲ್ಲಿ, ಚೆಲೋನಿಯನ್ ಕನ್ಸರ್ವೇಶನ್ ಅಂಡ್ ಬಯಾಲಜಿ ಅಂತ ಅದರ ಹೆಸರು, ಒಂದು ಲೇಖನ ಬಂತು. ದಕ್ಷಿಣ ಸುಡಾನಿನ ಗಿಫ್ಟ್ ಸೈಮನ್ ಡೆಮಾಯಾ, ಇಟಲಿಯ ಲೂಕಾ ಲುಯಿಸೆಲ್ಲಿ ಮತ್ತು ಅವರ ಜೊತೆಗಾರರು ಬರೆದದ್ದು. ದಕ್ಷಿಣ ಸುಡಾನಿನಲ್ಲಿ ನ್ಯೂಬಿಯನ್ ಫ್ಲಾಪ್‌ಶೆಲ್ ಮತ್ತೆ ಸಿಕ್ಕಿದೆ ಅಂತ. ಪ್ರಪಂಚಕ್ಕೆ ಅದು ‘ಮರುಶೋಧ’. ಬಿಳಿ ನೈಲ್ ದಡದ ಮೀನುಗಾರರಿಗೆ ಮಾತ್ರ ಅದರಲ್ಲಿ ಹೊಸದೇನಿತ್ತು? ಅದು ಅವರ ಬಲೆಗೆ ಬೀಳುತ್ತಿದ್ದ ಪ್ರಾಣಿ.

ಹಾಗಾದರೆ ದಾಖಲೆ ಯಾಕೆ ಇರಲಿಲ್ಲ? ಆ ದೇಶದ ಇತಿಹಾಸ ಒಂದು ಸಲ ನೋಡಿ. 1955ರಿಂದ 1972ರವರೆಗೆ ಒಂದು ಅಂತರ್ಯುದ್ಧ. 1983ರಿಂದ 2005ರವರೆಗೆ ಇನ್ನೊಂದು. 2011ರ ಜುಲೈನಲ್ಲಿ ಹೊಸ ದೇಶವಾಯ್ತು. 2013ರ ಡಿಸೆಂಬರಿನಲ್ಲಿ ಆ ಹೊಸ ದೇಶದ ಒಳಗೇ ಮತ್ತೆ ಯುದ್ಧ. ಅಂಥ ಕಡೆ ನೋಟ್‌ಬುಕ್ ಹಿಡಿದು ಆಮೆ ಎಣಿಸೋಕೆ ಯಾರು ಹೋಗ್ತಾರೆ? ಅಷ್ಟೂ ವರ್ಷ ಆ ನದಿಯಿಂದ ಡೇಟಾ ಬರಲಿಲ್ಲ. ಬರದ ಡೇಟಾವನ್ನು ನಾವು ‘ಆಮೆ ಇಲ್ಲ’ ಅಂತ ಓದಿಕೊಂಡೆವು.

ಇಲ್ಲಿ ಕೂತಿರೋರಲ್ಲಿ ಮುಕ್ಕಾಲು ಜನಕ್ಕೆ ನಾನೇನು ಹೇಳೋಕೆ ಹೊರಟಿದ್ದೀನಿ ಅಂತ ಆಗಲೇ ಗೊತ್ತಾಗಿದೆ. ಮನೆಯವರ ಬಲವಂತಕ್ಕೆ ಬಂದವರಿಗೆ ಒಂದು ನಿಮಿಷ ಬಿಡಿಸಿ ಹೇಳ್ತೀನಿ. ಡೇಟಾಬೇಸಿನಲ್ಲಿ ಸೊನ್ನೆ ಬೇರೆ, ನಲ್ ಬೇರೆ. ಅಂಗಡಿಯಲ್ಲಿ ಅಕ್ಕಿ ಎಷ್ಟು ಮೂಟೆ ಇದೆ ಅಂತ ಕೇಳಿದೆ ಅಂದುಕೊಳ್ಳಿ. ಹುಡುಗ ಒಳಗೆ ಹೋಗಿ ನೋಡಿ ಬಂದು, ಖಾಲಿ ಅಣ್ಣ ಅಂದರೆ ಅದು ಸೊನ್ನೆ. ಹುಡುಗ ಇವತ್ತು ಕೆಲಸಕ್ಕೇ ಬಂದಿಲ್ಲ, ಯಾರೂ ಒಳಗೆ ಹೋಗಿ ನೋಡಿಲ್ಲ, ಅದು ನಲ್. ನಲ್‌ಗೆ ನಲ್ ಹೋಲಿಸಿ ನೋಡಿದರೂ ಎಸ್‌ಕ್ಯೂಎಲ್ ‘ಹೌದು, ಎರಡೂ ಒಂದೇ’ ಅನ್ನಲ್ಲ. ಗೊತ್ತಿಲ್ಲದ ಎರಡು ಸಂಗತಿ ಒಂದೇ ಅಂತ ಯಾವ ಧೈರ್ಯದ ಮೇಲೆ ಹೇಳೋದು? ಆ ಮಟ್ಟಿಗೆ ಅದು ನಮಗಿಂತ ಪ್ರಾಮಾಣಿಕ.

ತೊಂದರೆ ಶುರುವಾಗೋದು ರಿಪೋರ್ಟ್ ಮಾಡುವಾಗ. ಖಾಲಿ ಜಾಗ ಕಂಡರೆ ಮ್ಯಾನೇಜರಿಗೆ ಇರಿಸುಮುರಿಸು. ಅದಕ್ಕೇ ಕೋಲೆಸ್ ಅನ್ನೋ ಒಂದು ಫಂಕ್ಷನ್ ಇದೆ. ಅದಕ್ಕೆ ಪಕ್ಕದಲ್ಲಿ ಒಂದು ಸೊನ್ನೆ ಕೊಟ್ಟುಬಿಟ್ಟರೆ, ನಲ್ ಇದ್ದ ಕಡೆಯೆಲ್ಲ ಸೊನ್ನೆ ಕೂತುಕೊಳ್ಳುತ್ತೆ. ಹಿಂದೊಮ್ಮೆ ಒಂದು ಕಡೆ ಕೆಲಸ ಮಾಡುವಾಗ ನೋಡಿದ್ದು: ಒಂದು ಘಟಕದ ಸೆನ್ಸರುಗಳು ವಾರದಿಂದ ಸುದ್ದಿಯನ್ನೇ ಕಳಿಸ್ತಿರಲಿಲ್ಲ, ಡ್ಯಾಶ್‌ಬೋರ್ಡ್ ಮಾತ್ರ ‘ದೋಷಗಳು: 0’ ಅಂತ ಹಸಿರು ಬಣ್ಣದಲ್ಲಿ ಹೊಳೀತಿತ್ತು. ಎಲ್ಲರೂ ಖುಷಿ. ಆ ವಾರದ ಸಭೆಯಲ್ಲಿ ಚಪ್ಪಾಳೆ ಕೂಡ ಆಯ್ತು. (ನಗು)

ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟ, ಐಯುಸಿಎನ್, ಈ ವಿಷಯದಲ್ಲಿ ಜಾಗರೂಕತೆಯಿಂದಿದೆ. ಅವರ ಕೆಂಪು ಪಟ್ಟಿಯಲ್ಲಿ ‘ಮಾಹಿತಿ ಸಾಲದು’ ಅಂತಲೇ ಒಂದು ವರ್ಗ ಇದೆ. ಒಂದು ಜೀವಿ ಅಳಿದಿದೆ ಅಂತ ಬರೀಬೇಕಾದರೆ, ಕೊನೆಯ ಜೀವ ಸತ್ತದ್ದರ ಬಗ್ಗೆ ಸಂಶಯಕ್ಕೆ ಎಡೆಯೇ ಇರಬಾರದು. ಅದು ಇರಬಹುದಾದ ಕಡೆಯೆಲ್ಲ, ಸರಿಯಾದ ಹೊತ್ತಿನಲ್ಲಿ, ಸರಿಯಾದ ಋತುವಿನಲ್ಲಿ ಹುಡುಕಿರಬೇಕು. ಅಂದರೆ ಸೊನ್ನೆ ಬರೆಯೋಕೂ ಕೆಲಸ ಮಾಡಬೇಕು. ನ್ಯೂಬಿಯನ್ ಫ್ಲಾಪ್‌ಶೆಲ್ ಈಗ ಆ ಪಟ್ಟಿಯಲ್ಲಿ ಗಂಭೀರ ಅಪಾಯದಲ್ಲಿರುವ ಜೀವಿ. ಅಳಿದದ್ದಕ್ಕಿಂತ ಎರಡು ಮೆಟ್ಟಿಲು ಈಚೆ.

ಈಗ ಸುಡಾನಿನಿಂದ ಹೈದರಾಬಾದಿಗೆ ಬರೋಣ. ದೂರ ಅನ್ನಿಸಬಹುದು, ಆದರೆ ಸಂಬಂಧ ಹತ್ತಿರದ್ದು. ಮೃದುಚಿಪ್ಪಿನ ಆಮೆಗಳಲ್ಲಿ ಎರಡು ಕವಲು. ಒಂದು ಕವಲಿನ ಆಮೆಗಳಿಗೆ ಹೊಟ್ಟೆಯ ಚಿಪ್ಪಿನ ಹಿಂದುಗಡೆ ಎರಡು ತೊಗಲಿನ ಮಡಿಕೆ ಇರುತ್ತೆ. ಹೆದರಿದಾಗ ಹಿಂಗಾಲು ಒಳಗೆಳೆದುಕೊಂಡು ಆ ಮಡಿಕೆಗಳನ್ನು ಮುಚ್ಚಿಬಿಡುತ್ತೆ. ಹಳೆಯ ಅಂಗಡಿಗಳ ಬಾಗಿಲ ಹಲಗೆ ಹಾಕಿದ ಹಾಗೆ. ಫ್ಲಾಪ್‌ಶೆಲ್ ಅಂತ ಹೆಸರು ಬಂದದ್ದೇ ಇದರಿಂದ. ಈ ಕವಲಿನಲ್ಲಿ ಇವತ್ತು ಪ್ರಪಂಚದಲ್ಲಿ ಉಳಿದಿರೋದು ಮೂರೇ ಕುಲ. ಎರಡು ಆಫ್ರಿಕಾದಲ್ಲಿ: ಸೈಕ್ಲಾನಾರ್ಬಿಸ್ ಮತ್ತು ಸೈಕ್ಲೋಡರ್ಮಾ. ಮೂರನೆಯದು ಲಿಸ್ಸೆಮಿಸ್, ಅದು ನಮ್ಮ ಕಡೆಯದ್ದು. ಭಾರತ, ಪಾಕಿಸ್ತಾನ, ನೇಪಾಳ, ಬಾಂಗ್ಲಾ, ಶ್ರೀಲಂಕಾ, ಮ್ಯಾನ್ಮಾರ್. ನಮ್ಮ ಕೆರೆ, ಗದ್ದೆ, ಕಾಲುವೆಗಳಲ್ಲಿ ಕಾಣುವ ತೊಗಲು ಬೆನ್ನಿನ ಆಮೆ ಇದೇ, ಲಿಸ್ಸೆಮಿಸ್ ಪಂಕ್ಟೇಟಾ. ನೈಲ್ ನದಿಯ ಆ ಅಪರೂಪದ ಆಮೆಗೆ ಏಷ್ಯಾದಲ್ಲಿ ದಾಯಾದಿ ಅಂತ ಇರೋದು ಈ ಕುಲ ಒಂದೇ.

ಮಳೆಗಾಲ ಶುರುವಾದ ಮೇಲೆ ನಮ್ಮ ಅಪಾರ್ಟ್‌ಮೆಂಟ್ ಗೇಟಿನ ಹತ್ತಿರ ಒಂದು ಸಲ ಇದು ಬಂದಿತ್ತು. ರಾತ್ರಿ ಹನ್ನೊಂದು ಗಂಟೆ, ಆನ್‌ಕಾಲ್ ಇತ್ತು, ಲ್ಯಾಪ್‌ಟಾಪ್ ಹಿಡಿದುಕೊಂಡೇ ಕೆಳಗಿಳಿದೆ. ವಾಚ್‌ಮನ್ ಟಾರ್ಚ್ ಬಿಟ್ಟು ‘ತಾಬೇಲು ಸಾರ್’ ಅಂದರು. ನೋಡಿ, ತಮಿಳರು ಆಮೈ ಅಂತಾರೆ, ಮಲಯಾಳಿಗಳು ಆಮ, ನಾವು ಆಮೆ, ತುಳುವಿನಲ್ಲಿ ಏಮೆ. ಪಕ್ಕದ ಮನೆಯ ತೆಲುಗಿನವರು ಮಾತ್ರ ತಾಬೇಲು ಅಂತಾರೆ. ಇರಲಿ. ವಾಚ್‌ಮನ್ ಮಹಬೂಬ್‌ನಗರದ ಕಡೆಯವರು. ಅವರು ಅದನ್ನು ಮುಟ್ಟಲಿಲ್ಲ, ಒಂದು ಗೋಣಿ ಅಡ್ಡ ಹಿಡಿದು, ಕಾರು ಬರದ ಹಾಗೆ ಎರಡೂ ಕಡೆ ನೋಡುತ್ತಾ ನಿಂತರು. ಅದು ನಿಧಾನಕ್ಕೆ ರಸ್ತೆ ದಾಟಿ ಚರಂಡಿ ಪಕ್ಕದ ಜೌಗಿಗೆ ಇಳೀತು. ಅವರೇ ಹೇಳಿದ್ದು: ಬೇಸಿಗೆಯಲ್ಲಿ ನಮ್ಮೂರ ಕೆರೆ ಪೂರ್ತಿ ಒಣಗುತ್ತೆ ಸಾರ್, ಗೋಡು ತೆಗೆಯೋಕೆ ಅಗೆದರೆ ಒಳಗೆ ಇವು ಜೀವಂತ ಇರ್ತವೆ, ಮಳೆ ಬಂದ ದಿನ ಎದ್ದು ಬರ್ತವೆ ಅಂತ.

ಪುಸ್ತಕದಲ್ಲೂ ಅದೇ ಇದೆ. ನೀರು ಬತ್ತಿದಾಗ ಈ ಆಮೆ ಕೆಸರಿನೊಳಗೆ ಹೂತುಕೊಂಡು ತಿಂಗಳುಗಟ್ಟಲೆ ಕಾಯುತ್ತೆ. ಏಪ್ರಿಲ್ ತಿಂಗಳಲ್ಲಿ ಒಬ್ಬ ಬಂದು ಆ ಕೆರೆಯಲ್ಲಿ ಎಣಿಸಿದರೆ ಬಿರುಕು ಬಿಟ್ಟ ನೆಲ ಬಿಟ್ಟು ಏನೂ ಕಾಣಲ್ಲ. ಅವನು ಸೊನ್ನೆ ಅಂತ ಬರೀತಾನೆ. ‘ಒಣಗಿದ ಕೆರೆ, ಜೀವಿಗಳಿಲ್ಲ, ಲೇಔಟಿಗೆ ಯೋಗ್ಯ’ ಅಂತ ಇನ್ನೊಬ್ಬ ಬರೀತಾನೆ. ಹೈದರಾಬಾದಿನಲ್ಲೂ ಬೆಂಗಳೂರಿನಲ್ಲೂ ನಾವು ಬಾಡಿಗೆ ಕೊಟ್ಟು ವಾಸ ಮಾಡ್ತಿರೋ ಎಷ್ಟು ಕಟ್ಟಡಗಳ ಕೆಳಗೆ ಇಂಥ ಏಪ್ರಿಲ್ ತಿಂಗಳ ಲೆಕ್ಕ ಇದೆಯೋ.

ಇಲ್ಲೊಂದು ಚಿಕ್ಕ ಮಾತು, ಪ್ರತಿ ಸಲ ಯಾರಾದರೂ ಕೇಳ್ತಾರೆ. ಮನೆಯಲ್ಲಿ ಆಮೆ ಇಟ್ಟರೆ ದುಡ್ಡು ಬರುತ್ತಂತೆ, ತರಬಹುದಾ? ತರಬೇಡಿ. ಇದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿರುವ ಪ್ರಾಣಿ, ಹುಲಿ ಇರುವ ಪಟ್ಟಿ ಅದು. ಮೂರರಿಂದ ಏಳು ವರ್ಷ ಜೈಲು. ದುಡ್ಡು ಬರೋದಿರಲಿ, ಇರೋದೂ ವಕೀಲರಿಗೆ ಹೋಗುತ್ತೆ.

ಈಗ ಗ್ರೇ ಸಾಹೇಬರ ಎರಡನೇ ಆಮೆ. 1864ರಲ್ಲಿ ಹೆಸರಿಟ್ಟದ್ದು: ಪೆಲೋಕೆಲಿಸ್ ಕ್ಯಾಂಟೋರಿ. ಈಸ್ಟ್ ಇಂಡಿಯಾ ಕಂಪನಿಯಲ್ಲಿ ವೈದ್ಯರಾಗಿದ್ದ ಡೆನ್ಮಾರ್ಕಿನ ಥಿಯೋಡೋರ್ ಕ್ಯಾಂಟರ್ ಅವರ ಹೆಸರು. ಇದು ಮೃದುಚಿಪ್ಪಿನ ಆಮೆಗಳ ಇನ್ನೊಂದು ಕವಲಿನದು, ಕಾಲು ಮುಚ್ಚುವ ಮಡಿಕೆ ಇಲ್ಲ. ಬೆನ್ನು ಒಂದು ಮೀಟರಿನ ಹತ್ತಿರಕ್ಕೆ ಬೆಳೆಯುತ್ತೆ, ತೂಕ ನೂರು ಕಿಲೋವರೆಗೆ ಹೋಗಬಹುದು. ಅಷ್ಟು ದೊಡ್ಡ ಪ್ರಾಣಿ ಯಾರ ಕಣ್ಣಿಗೂ ಬೀಳದೆ ಹೇಗಿರುತ್ತೆ? ಬದುಕಿನ ನೂರರಲ್ಲಿ ತೊಂಬತ್ತೈದು ಪಾಲು ಇದು ನದಿಯ ತಳದ ಮರಳಿನಲ್ಲಿ ಹೂತುಕೊಂಡು ಅಲ್ಲಾಡದೆ ಕಳೆಯುತ್ತೆ ಅಂತಾರೆ. ಕಣ್ಣು ಮತ್ತು ಮೂಗು ಮಾತ್ರ ಹೊರಗೆ. ಮೀನು ಹತ್ತಿರ ಬಂದರೆ ಕತ್ತು ಚಿಮ್ಮಿಸಿ ಹಿಡಿಯುತ್ತೆ. ಉಸಿರಿಗಾಗಿ ಮೇಲೆ ಬರೋದು ದಿನಕ್ಕೆ ಎರಡು ಸಲ ಮಾತ್ರ ಅಂತ ವರದಿ. ಇನ್ನುಳಿದ ಹೊತ್ತು ತೊಗಲು ಮತ್ತು ಗಂಟಲಿನ ಒಳಪದರದಿಂದ ನೀರಿನಲ್ಲಿರುವ ಆಮ್ಲಜನಕವನ್ನೇ ಹೀರಿಕೊಂಡು ಸುಧಾರಿಸುತ್ತೆ. ಹನ್ನೆರಡು ಗಂಟೆಗೊಮ್ಮೆ ಮಾತ್ರ ಪಿಂಗ್‌ಗೆ ಉತ್ತರ ಕೊಡುವ ಒಂದು ಸರ್ವರ್ ಅಂದುಕೊಳ್ಳಿ. ನೀವು ದಡದಲ್ಲಿ ಮೂರು ಗಂಟೆ ಕೂತು ಕಾಣಲಿಲ್ಲ ಅಂತ ಎದ್ದು ಬಂದರೆ, ಆ ನಿಮ್ಮ ಸೊನ್ನೆಗೆ ಏನು ಬೆಲೆ?

ಈ ಆಮೆ ಎಲ್ಲಿದೆ ಗೊತ್ತಾ? ಕಾಸರಗೋಡಿನ ಚಂದ್ರಗಿರಿ ಹೊಳೆಯಲ್ಲಿ.

ಚಂದ್ರಗಿರಿ ಅಂದಕೂಡಲೆ ಕನ್ನಡದವರ ಮನಸ್ಸಿಗೆ ಬರೋದು ಬೇರೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಹೋಯ್ತು. 1967ರ ಮಹಾಜನ ವರದಿ, ಚಂದ್ರಗಿರಿಯ ಉತ್ತರಕ್ಕಿರುವ ಭಾಗ ಕರ್ನಾಟಕಕ್ಕೆ ಸೇರಲಿ ಅಂತು. ಅದು ಜಾರಿಯಾಗಲಿಲ್ಲ. ಆ ನೋವು ಅಲ್ಲಿನ ಕನ್ನಡಿಗರಿಗೆ ಇವತ್ತೂ ಇದೆ, ಅದನ್ನು ನಾನು ಹಗುರ ಮಾಡ್ತಿಲ್ಲ, ನಮ್ಮ ಮನೆಯ ಸಂಬಂಧಿಕರೇ ಆ ದಡದಲ್ಲಿದ್ದಾರೆ. ಆದರೆ ಒಂದು ಯೋಚನೆ ಬರುತ್ತೆ. ಅರವತ್ತು ವರ್ಷ ಈ ಹೊಳೆಯ ಯಾವ ದಡ ಯಾರದು ಅಂತ ವಾದ ಮಾಡಿದೆವು. ನಡುವಿನ ನೀರಿನೊಳಗೆ ಏನಿದೆ ಅಂತ ಎರಡೂ ಕಡೆಯವರು ಬಗ್ಗಿ ನೋಡಲಿಲ್ಲ.

ನೋಡಿದವರು ಆಯುಷಿ ಜೈನ್ ಅನ್ನೋ ಸಂಶೋಧಕಿ. ಅವರ ವಿಧಾನ ನನಗೆ ಬಹಳ ಹಿಡಿಸಿತು. ದೋಣಿಯಲ್ಲಿ ಕೂತು ಆಮೆ ಕಾಣುತ್ತಾ ಅಂತ ಕಾಯುವುದಷ್ಟನ್ನೇ ನೆಚ್ಚಿಕೊಳ್ಳದೆ, ಹೊಳೆಯ ದಡದ ಜನರನ್ನು ಕೇಳುತ್ತಾ ಹೋದರು. ಮೀನು ಹಿಡಿಯೋರು, ಮರಳು ತೆಗೆಯೋರು, ಹೊಳೆಯ ಬದಿಯ ಮನೆಯವರು. ಇಷ್ಟು ದೊಡ್ಡ ಆಮೆ ನೋಡಿದ್ದೀರಾ, ಎಲ್ಲಿ, ಯಾವಾಗ, ಗಾಳಕ್ಕೆ ಸಿಕ್ಕಿದರೆ ಏನು ಮಾಡ್ತಿದ್ರಿ? ಜನಕ್ಕೆ ಗೊತ್ತಿತ್ತು. ಅದಕ್ಕೆ ಹೆಸರೂ ಇತ್ತು. ಭೀಮನಾಮ ಅಂತಾರೆ, ಅಂದರೆ ಭೀಮನಂಥ ಆಮೆ. ಪಾಲಪೂವನ್ ಅಂತಲೂ ಇನ್ನೊಂದು ಹೆಸರು. ಹೆಸರಿರುವ ಪ್ರಾಣಿ ಇಲ್ಲ ಅಂತ ಹೇಗೆ ಹೇಳ್ತೀರಿ?

ನಿಧಾನಕ್ಕೆ ಒಂದು ಜಾಲ ಬೆಳೆಯಿತು. ಯಾರ ಬಲೆಗಾದರೂ ಸಿಕ್ಕರೆ, ಯಾರಿಗಾದರೂ ಕಂಡರೆ ಸುದ್ದಿ ಬರಬೇಕು, ಆಮೆ ಹೊಳೆಗೆ ವಾಪಸ್ ಹೋಗಬೇಕು. ನಮ್ಮ ಭಾಷೆಯಲ್ಲಿ ಅಲರ್ಟ್ ಸಿಸ್ಟಮ್. ವ್ಯತ್ಯಾಸ ಇಷ್ಟೇ, ಇದರಲ್ಲಿ ಸೆನ್ಸರ್ ಅಂದರೆ ಗಾಳ ಹಾಕೋ ಮನುಷ್ಯ. 2024ರಲ್ಲಿ ಓರಿಕ್ಸ್ ಪತ್ರಿಕೆಯಲ್ಲಿ ಈ ಕೆಲಸದ ವರದಿ ಬಂತು. ಅಲ್ಲಿ ಇವು ಗೂಡು ಮಾಡಿ ಮೊಟ್ಟೆ ಇಡುತ್ತಿವೆ ಅನ್ನೋದಕ್ಕೆ ಮೊದಲ ದಾಖಲೆ ಅದು. ನೀರು ನುಗ್ಗಿ ಮುಳುಗಿದ ಗೂಡುಗಳಿಂದ ಮೊಟ್ಟೆಗಳನ್ನು ಎತ್ತಿ ಕಾಪಾಡಿ, ಮರಿಗಳನ್ನು ಹೊಳೆಗೆ ಬಿಟ್ಟಿದ್ದಾರೆ. ಸ್ವಲ್ಪ ಯೋಚಿಸಿ: ಆಮೆ ಮರಳ ದಂಡೆಯಲ್ಲಿ ಮೊಟ್ಟೆ ಇಡುತ್ತೆ. ಮರಳು ಎತ್ತಿದರೆ ದಂಡೆ ಹೋಯ್ತು. ಹೊಳೆಗೆ ಅಡ್ಡ ಕಟ್ಟಿ ನೀರಿನ ಮಟ್ಟ ಏರಿಸಿದರೆ ದಂಡೆ ಮುಳುಗುತ್ತೆ. ಮುಳುಗಿದ ಮೊಟ್ಟೆಗೆ ಉಸಿರಿಲ್ಲ. ಹೊಳೆಯಲ್ಲಿ ಮುದಿ ಆಮೆಗಳು ಇನ್ನೂ ಹತ್ತಾರು ವರ್ಷ ಕಾಣಿಸಬಹುದು, ಎಣಿಕೆಯಲ್ಲಿ ಒಂದು, ಎರಡು ಅಂತ ಬರಬಹುದು, ಆದರೆ ಹೊಸ ಮರಿ ಇಲ್ಲದಿದ್ದರೆ ಅದು ಮುಚ್ಚುತ್ತಿರೋ ಅಂಗಡಿ. ಆದ್ದರಿಂದ ಒಂದು ಗೂಡು ಸಿಕ್ಕಿತು ಅನ್ನೋದು, ಹತ್ತು ದೊಡ್ಡ ಆಮೆ ಕಂಡಿತು ಅನ್ನೋದಕ್ಕಿಂತ ದೊಡ್ಡ ಸುದ್ದಿ.

2023ರಲ್ಲಿ ಕಾಸರಗೋಡು ಜಿಲ್ಲೆ ತನ್ನದೇ ಆದ ಹೂವು, ಮರ, ಹಕ್ಕಿ, ಜೀವಿಗಳನ್ನು ಘೋಷಿಸಿಕೊಂಡಿತು. ಮರ ಕಾಸರಕ, ಊರಿನ ಹೆಸರಿಗೇ ಅದು ಹೊಂದುತ್ತೆ. ಹಕ್ಕಿ ಬಿಳಿಹೊಟ್ಟೆಯ ಕಡಲ ಹದ್ದು. ಜೀವಿ ಪಾಲಪೂವನ್ ಆಮೆ. ಯಾರಿಗೂ ಕಾಣದ ಪ್ರಾಣಿ ಜಿಲ್ಲೆಯ ಗುರುತಾಯ್ತು. ನನಗಂತೂ ಇದು ಒಳ್ಳೆಯದೇ ಅನ್ನಿಸುತ್ತೆ. ಜಿಲ್ಲಾಧಿಕಾರಿ ಕಚೇರಿಯ ಗೋಡೆಯ ಮೇಲೆ ಚಿತ್ರ ಇದ್ದರೆ, ಮರಳಿನ ಅರ್ಜಿ ಬಂದಾಗ ಯಾರಾದರೂ ಒಬ್ಬರಾದರೂ ಆ ಕಡೆ ತಿರುಗಿ ನೋಡಬಹುದು.

ಮೂರನೇ ಆಮೆಯನ್ನು ಬೇಗ ಮುಗಿಸ್ತೀನಿ. ಅದೂ ಗ್ರೇ ಅವರದೇ, 1872. ಬಾಂಬೆಯಲ್ಲಿ ವೈದ್ಯರಾಗಿದ್ದ ಲೀತ್ ಅವರ ಹೆಸರಿನ ನಿಲ್ಸೋನಿಯಾ ಲೀತಿ. ಗೋದಾವರಿ, ಕೃಷ್ಣೆ, ಕಾವೇರಿ ಹೀಗೆ ದಕ್ಷಿಣದ ನದಿಗಳ ಆಮೆ. ಇದು ಭಾರತ ಬಿಟ್ಟು ಬೇರೆಲ್ಲೂ ಇಲ್ಲ, ಇದೂ ಗಂಭೀರ ಅಪಾಯದ ಪಟ್ಟಿಯಲ್ಲಿದೆ. 2022ರ ನವೆಂಬರಿನಲ್ಲಿ ಪನಾಮಾದಲ್ಲಿ ನಡೆದ ವನ್ಯಜೀವಿ ವ್ಯಾಪಾರ ಒಪ್ಪಂದದ ಸಭೆಯಲ್ಲಿ ಭಾರತವೇ ಕೇಳಿ ಇದನ್ನು ಅತಿ ಹೆಚ್ಚು ರಕ್ಷಣೆಯ ಪಟ್ಟಿಗೆ ಏರಿಸಿತು. ನಾಗಾರ್ಜುನಸಾಗರದಿಂದ ಕೃಷ್ಣೆಯ ನೀರು ಹೈದರಾಬಾದಿನ ನಲ್ಲಿಗಳಿಗೆ ಬರುತ್ತೆ. ಅದೇ ನೀರು ರಾಯಚೂರಿನ ಮುಂದೆ ಹಾದು ಬಂದದ್ದು. ರಾಯಚೂರಿನವರು ಇಲ್ಲಿ ಎಷ್ಟು ಜನ ಇದ್ದೀರಿ? ಕೈಯೆತ್ತಿ. ಅಬ್ಬಾ. (ನಗು) ನಿಮಗೆ ಮುಂದೆ ಒಂದು ಕೆಲಸ ಇದೆ.

ಮೂರೂ ಆಮೆಗೆ ಹೆಸರಿಟ್ಟ ಗ್ರೇ, 1840ರಲ್ಲಿ ಪ್ರಪಂಚದ ಮೊದಲ ಅಂಚೆ ಚೀಟಿ ಬಂದ ದಿನವೇ ಅದನ್ನು ಕೊಂಡು ಎತ್ತಿಟ್ಟವರಂತೆ. ಸಂಗ್ರಹದ ಹುಚ್ಚು. ಕಪಾಟಿನಲ್ಲಿ ಒಣಗಿದ ಚಿಪ್ಪು ಜೋಡಿಸಿಟ್ಟು ಹೆಸರು ಬರೆದರು, ಆ ಕೆಲಸವನ್ನು ನಾನು ಕಡಿಮೆ ಅನ್ನಲ್ಲ, ಅದಿಲ್ಲದಿದ್ದರೆ ಟೇಬಲ್ಲಿಗೆ ಪ್ರೈಮರಿ ಕೀ ಇರುತ್ತಿರಲಿಲ್ಲ. ಆದರೆ ಉಳಿದ ಕಾಲಮ್ಮುಗಳು ಅವತ್ತಿನಿಂದ ಇವತ್ತಿನವರೆಗೂ ಹೆಚ್ಚುಕಡಿಮೆ ನಲ್. ಎಷ್ಟಿವೆ, ಎಲ್ಲಿ ಮೊಟ್ಟೆ ಇಡುತ್ತವೆ, ಎಷ್ಟು ವರ್ಷಕ್ಕೆ ದೊಡ್ಡವಾಗುತ್ತವೆ?

ಈ ಖಾಲಿ ಕಾಲಮ್ ತುಂಬೋಕೆ ಹೊಸ ಸಾಧನಗಳು ಬರ್ತಿವೆ, ಅದರಲ್ಲಿ ಒಂದು ನಮ್ಮ ಈ ಊರಲ್ಲೇ ಇದೆ. ಹಬ್ಸಿಗುಡದ ಸಿಸಿಎಂಬಿ ಗೊತ್ತಿರುತ್ತೆ. ಅವರದ್ದೇ ಒಂದು ಪ್ರಯೋಗಾಲಯ ಅತ್ತಾಪುರದ ಕಡೆ ಇದೆ, ಲಾಕೋನ್ಸ್ ಅಂತ, ಅಳಿವಿನಂಚಿನ ಜೀವಿಗಳಿಗಾಗಿಯೇ ಇರೋದು. ಅಲ್ಲಿನ ವಿಜ್ಞಾನಿಗಳು, ಜಿ. ಉಮಾಪತಿ ಮತ್ತು ತಂಡ, ನೀರಿನ ಮಾದರಿಯಿಂದಲೇ ಅದರಲ್ಲಿ ಯಾವ ಯಾವ ಜೀವಿಗಳಿವೆ ಅಂತ ಪತ್ತೆ ಹಚ್ಚುವ ವಿಧಾನದ ಮೇಲೆ ಕೆಲಸ ಮಾಡಿ, ಚಿಲಿಕಾ ಸರೋವರದ ನೀರಿನಲ್ಲಿ ಅದನ್ನು ಪರೀಕ್ಷಿಸಿದ್ದಾರೆ. ಪ್ರತಿ ಪ್ರಾಣಿಯೂ ನೀರಲ್ಲಿ ತೊಗಲಿನ ಚೂರು, ಲೋಳೆ, ಮಲ ಬಿಟ್ಟು ಹೋಗುತ್ತೆ. ನೀರನ್ನು ಸೋಸಿ, ಸೋಸಣಿಗೆಯಲ್ಲಿ ಸಿಕ್ಕಿದ ಡಿಎನ್‌ಎ ಓದಿ, ಗೊತ್ತಿರುವ ಜೀವಿಗಳ ಡಿಎನ್‌ಎ ಜೊತೆ ಹೋಲಿಸೋದು. ಪ್ರಾಣಿ ನೋಡಬೇಕಾಗಿಲ್ಲ. ಲಾಗ್ ಫೈಲ್ ಓದಿ ಯಾರು ಬಂದು ಹೋದರು ಅಂತ ಹೇಳಿದ ಹಾಗೆ. ಮರಳಲ್ಲಿ ಹೂತ ಆಮೆಗೆ ಇದಕ್ಕಿಂತ ಒಳ್ಳೆಯ ಉಪಾಯ ಎಲ್ಲಿದೆ? ಆದರೂ, ಇಲ್ಲೂ ಜೋಪಾನ: ನೀರಲ್ಲಿ ಡಿಎನ್‌ಎ ಸಿಕ್ಕರೆ ಇದೆ, ಸಿಗದಿದ್ದರೆ ಆ ಬಾಟಲಿಯಲ್ಲಿ ಸಿಗಲಿಲ್ಲ, ಅಷ್ಟೇ. ಅಲ್ಲದೆ ಯಾವ ಹೊಳೆಯ ಯಾವ ಗುಂಡಿಯಿಂದ ಬಾಟಲಿ ತುಂಬಬೇಕು ಅಂತ ಯಂತ್ರ ಹೇಳಲ್ಲ. ಅದನ್ನು ಹೇಳೋರು ಬೇರೆ.

ನಮ್ಮ ಊರು ಸುಳ್ಯದ ಹತ್ತಿರ. ಚಂದ್ರಗಿರಿಗೆ ಸೇರುವ ದೊಡ್ಡ ಉಪನದಿ ಪಯಸ್ವಿನಿ. ಕೊಡಗಿನ ಬೆಟ್ಟದಲ್ಲಿ ಹುಟ್ಟಿ, ಸುಳ್ಯ ಪೇಟೆಯ ಬದಿಯಲ್ಲಿ ಹಾದು ಕಾಸರಗೋಡಿಗೆ ಇಳಿಯುತ್ತೆ. ಅಂದರೆ ಆ ಭೀಮನಾಮ ಮಲಗಿರೋ ಮರಳಿನಲ್ಲಿ ನಮ್ಮ ತೋಟದ ಮಣ್ಣೂ ಇದೆ. ದೊಡ್ಡಪ್ಪನಿಗೆ ಎಪ್ಪತ್ನಾಲ್ಕು ವರ್ಷ. ಅಡಕೆ ಕೃಷಿ ಅಂತ ಹೆಸರಿಗೆ, ಜೀವ ಇದ್ದದ್ದೆಲ್ಲ ಹೊಳೆಯಲ್ಲಿ. ಸಂಜೆ ಗಾಳ ಕಟ್ಟಿ ಬೆಳಗ್ಗೆ ಹೋಗಿ ಬಿಚ್ಚುತ್ತಿದ್ದವರು. ಹೋದ ಸಲ ಊರಿಗೆ ಹೋದಾಗ ಕೇಳಿದೆ, ದೊಡ್ಡಪ್ಪ, ತೊಗಲಿನ ಬೆನ್ನಿನ ದೊಡ್ಡ ಆಮೆ ಯಾವತ್ತಾದರೂ ಸಿಕ್ಕಿತ್ತಾ?

‘ಎಂತ ಮಾರಾಯ, ಆಮೆ ಲೆಕ್ಕ ಹಾಕ್ಲಿಕ್ಕೆ ಹೈದರಾಬಾದಲ್ಲಿ ಸಂಬಳ ಕೊಡ್ತಾರಾ ನಿಂಗೆ?’ ಅಂದರು. ಆಮೇಲೆ ವೀಳ್ಯ ಕಟ್ಟುತ್ತಾ ಶುರು ಮಾಡಿದರು. ಎರಡು ಸಲ ಉಂಟಂತೆ. ಒಂದು ಸಲ ಗಾಳದ ಹಗ್ಗ ಕಟ್ಟಿದ್ದ ಬೇರನ್ನೇ ಕಿತ್ತುಕೊಂಡು ಹೋಗಿತ್ತು. ಇನ್ನೊಂದು ಸಲ ದಡಕ್ಕೆ ಎಳೆದಿದ್ದರು. ಇಬ್ಬರು ಹಿಡಿದರೂ ನಿಲ್ಲಲಿಲ್ಲ, ಅಜ್ಜಿ ಬಂದು, ಕೂರ್ಮಾವತಾರ ಅದು, ಬಿಡಿ ಅಂತ ಬೈದ ಮೇಲೆ ಹಗ್ಗ ಕೊಯ್ದು ಬಿಟ್ಟರಂತೆ. ಯಾವ ವರ್ಷ ಅಂದರೆ ಇಸವಿ ನೆನಪಿಲ್ಲ, ‘ನಿನ್ನ ಅಪ್ಪನ ಮದುವೆಯ ಮುಂಚಿನ ಮಳೆಗಾಲ’ ಅಂದರು. ಅದು ಸಾಕು, ಇಸವಿ ನಾನು ಹಾಕಿಕೊಂಡೆ.

ಅದು ಯಾವ ಜಾತಿಯ ಆಮೆ ಅಂತ ನಾನು ಹೆಸರು ಹಾಕಿಲ್ಲ. ಹೆಸರು ಹಾಕೋದು ಗೊತ್ತಿದ್ದವರ ಕೆಲಸ. ನನ್ನ ಫೈಲಿನಲ್ಲಿ ಅದು ‘ಹೇಳಿಕೆ’ ಅಂತಲೇ ಇದೆ: ಯಾರು ಹೇಳಿದ್ದು, ಯಾವ ಜಾಗ, ಎಷ್ಟು ದೊಡ್ಡದು, ಯಾವ ಕಾಲ. ನಲ್ ಇದ್ದ ಜಾಗದಲ್ಲಿ ಈಗ ಒಂದು ಸಾಲು ಇದೆ. ನಮ್ಮೂರಲ್ಲಿ ದೊಡ್ಡಪ್ಪನ ಹಾಗೆ ಗಾಳ ಕಟ್ಟುತ್ತಿದ್ದವರು ಆರು ಜನ ಇದ್ದರು. ಈಗ ಇಬ್ಬರು. ಇನ್ನೊಬ್ಬರಿಗೆ ಮಾತು ನಿಂತು ಎರಡು ವರ್ಷ ಆಯ್ತು, ಪಾರ್ಶ್ವವಾಯು. ಅವರ ಮಗ ನಮ್ಮ ಹಾಗೇ ಸಾಫ್ಟ್‌ವೇರು, ಪುಣೆಯಲ್ಲಿ. ಅವನಿಗೆ ಫೋನ್ ಮಾಡಿ ಕೇಳಿದೆ. ಅಪ್ಪ ಹೊಳೆಗೆ ಹೋಗುತ್ತಿದ್ದರು ಅಂತ ಮಾತ್ರ ಗೊತ್ತು ಮಾರಾಯ, ಏನು ನೋಡಿದರು ಅಂತ ನಾನು ಯಾವತ್ತೂ ಕೇಳಲಿಲ್ಲ, ಅಂದ. ಫೋನ್ ಇಟ್ಟ ಮೇಲೆ ಬಹಳ ಹೊತ್ತು ಆ ಮಾತು ಕಿವಿಯಲ್ಲಿತ್ತು.

ಬ್ಯಾಕಪ್ ಅಂತ ನಾವು ದಿನಾ ಎಷ್ಟು ಮಾತಾಡ್ತೀವಿ. ಮೂರು ಕಡೆ ಪ್ರತಿ ಇರಬೇಕು, ಒಂದು ಬೇರೆ ಊರಲ್ಲಿರಬೇಕು ಅಂತೆಲ್ಲ. ಪಯಸ್ವಿನಿಯ ಐವತ್ತು ವರ್ಷದ ಲಾಗ್ ಈಗ ಒಬ್ಬ ಮನುಷ್ಯನ ತಲೆಯಲ್ಲಿದೆ, ಆತನಿಗೆ ಸಕ್ಕರೆ ಕಾಯಿಲೆ, ಬಿಪಿ ಎರಡೂ ಇದೆ.

ಹೋದ ಸಲ ಎರಡು ಸಂಜೆ ಕೂತು ಬರೆದೆವು. ಹೊಳೆಯ ಆಳವಾದ ಗುಂಡಿಗೆ ನಮ್ಮ ಕಡೆ ಕಯ ಅಂತೀವಿ. ಪ್ರತಿ ಕಯಕ್ಕೂ ಹೆಸರಿದೆ, ಯಾವ ಮ್ಯಾಪಿನಲ್ಲೂ ಇಲ್ಲದ ಹೆಸರುಗಳು. ದೊಡ್ಡಪ್ಪ ಹೇಳುತ್ತಾ ಹೋದರು, ನಾನು ಫೋನಿನ ಮ್ಯಾಪ್ ದೊಡ್ಡದು ಮಾಡಿ ಗುರುತು ಹಾಕುತ್ತಾ ಹೋದೆ. ‘ಇದಲ್ಲ, ಆ ತಿರುವು ದಾಟಿ, ಹೊಂಗೆ ಮರ ಇತ್ತಲ್ಲ’ ಅನ್ನೋರು. ಉಪಗ್ರಹದ ಚಿತ್ರದಲ್ಲಿ ಹೊಂಗೆ ಮರ ಇಲ್ಲ, ರಬ್ಬರ್ ತೋಟ ಇದೆ. ಹಾಗೂ ಹೀಗೂ ಏಳು ಕಯ ಗುರುತಾಗಿವೆ. ಎಂಟನೆಯದು ಈಗ ಕಿಂಡಿ ಅಣೆಕಟ್ಟಿನ ಹಿಂದಿನ ನೀರಿನಡಿ ಹೋಗಿದೆ. ಅದನ್ನು ಬರೆಯೋದಾ ಬೇಡವಾ ಅಂತ ಕೇಳಿದೆ. ‘ಬರಿ, ನೀರಿನ ಅಡಿಯಲ್ಲಿ ಉಂಟಲ್ಲ’ ಅಂದರು.

ದೀಪಾವಳಿಗೆ ಮತ್ತೆ ಹೋಗ್ತಿದ್ದೀನಿ. ನಾನು ಕೇಳಿದ ಪ್ರಶ್ನೆಗಳ ಪಟ್ಟಿ ಒಂದೂವರೆ ಪುಟ ಇದೆ, ಕನ್ನಡದಲ್ಲಿ, ಬೇಕಾದವರಿಗೆ ಕೊಡ್ತೀನಿ. ರಾಯಚೂರಿನವರು ಕೃಷ್ಣೆ, ತುಂಗಭದ್ರೆ ಎರಡೂ ಕಡೆ ಕೇಳಬಹುದು. ಬೀದರ್ ಕಡೆಯವರಿಗೆ ಮಾಂಜ್ರಾ ಇದೆ. ಮಂಡ್ಯ, ಮೈಸೂರಿನವರಿಗೆ ಕಾವೇರಿ. ಯಾರಾದರೂ ‘ನಮ್ಮ ಹೊಳೆಯಲ್ಲಿ ಹೊಕ್ಕು ನೋಡಿದ್ದೀನಿ, ಇಲ್ಲ’ ಅಂದರೆ ಅದನ್ನೂ ಬರೆದುಕೊಳ್ಳಿ. ಯಾವ ತಿಂಗಳು ನೋಡಿದ್ದು ಅಂತ ಮಾತ್ರ ಕೇಳಿ.

ಐದು ನಿಮಿಷ ಉಳಿದಿದೆ. ಪ್ರಶ್ನೆ ಇದ್ದರೆ ಕೇಳಿ. ಹಿಂದುಗಡೆ ಕೆಂಪು ಶರ್ಟ್ ಹಾಕಿರೋರು, ಆಗಿಂದ ಕೈಯೆತ್ತಿದ್ದೀರಿ, ಹೇಳಿ.